ಹೊಲದಲ್ಲಿ ಕೂತ ಕುರಿಗಳು, ಯಲ್ಲವ್ವನ ಒಂದು ಗುಣ

ಮಾನ್ಯ ಪರೀಕ್ಷಾಧಿಕಾರಿಗಳೇ,

ಹೊಲದಲ್ಲಿ ಕುರಿ ಕೂತದ್ದನ್ನು ಕಂಡರೆ ರೈತನಿಗೆ ಕೋಪ ಬರುತ್ತದೆಂದು ತಮಗೆ ಯಾರು ಹೇಳಿದರು? ಹೇಳಿದವರ ಹೆಸರು ನನಗೆ ಬೇಡ. ಅವರ ಹೊಲ ಯಾವ ಊರಿನಲ್ಲಿದೆ ಎಂಬುದಷ್ಟನ್ನು ತಿಳಿಸಿದರೆ ಸಾಕು. ಅವರ ಆ ಒಂದು ಮಾತಿನಿಂದ ನಮ್ಮೂರ ಯಲ್ಲವ್ವ ಎಂಬ ಹುಡುಗಿ ಈ ವರ್ಷದ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯಲ್ಲಿ ಒಂದೇ ಒಂದು ಗುಣ, ಅಂದರೆ ಒಂದು ಅಂಕ, ಕಡಿಮೆ ಬಿದ್ದು ನಾಪಾಸಾಗಿದ್ದಾಳೆ. ಅರ್ಜಿ ಕೊಟ್ಟೆ, ತಪಾಸಣೆಯಾಯಿತು, ಹುಕುಮು ಬಂತು. ಎಲ್ಲವೂ ಬಂತು, ಗುಣ ಬರಲಿಲ್ಲ. ಆದ್ದರಿಂದ ಈ ಪತ್ರವನ್ನು ತಮ್ಮ ಟಪಾಲು ಪೆಟ್ಟಿಗೆಗೆ ಹಾಕದೆ, ನಾಲ್ಕು ಜನ ಓದುವ ವರ್ತಮಾನ ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಜತ್ತ ತಾಲೂಕಿನ ಮುಚ್ಚಂಡಿಯಲ್ಲಿ ಒಕ್ಕಲುತನ ಮಾಡಿಕೊಂಡಿರುವವನು. ಸಂಸ್ಥಾನದ ಕಾಲದಲ್ಲಿ ನಾನೂ ಮುಲ್ಕಿ ಪಾಸಾದವನೇ. ಈಗ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಿದೆ, ಆದರೂ ಕಲಿತ ಅಕ್ಷರ ಮರೆತಿಲ್ಲ. ಯಲ್ಲವ್ವ ನನ್ನ ಮಗಳಲ್ಲ. ವರ್ಷಾ ವರ್ಷಾ ನನ್ನ ಹೊಲದಲ್ಲಿ ಕುರಿ ಕೂಡ್ರಿಸುವ ಶಿದ್ರಾಯನ ಮಗಳು. ಅವನು ಹಿಂಡು ಹೊಡೆದುಕೊಂಡು ಘಟ್ಟದ ಕಡೆಗೆ ಹೋದಾಗ ಹುಡುಗಿ ನಮ್ಮ ಮನೆಯಲ್ಲಿದ್ದು ಶಾಲೆ ಕಲಿತಳು. ಅವಳ ತಲೆ ಬಾಚುವುದು, ಬೈಯುವುದು, ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಡುವುದು ನನ್ನ ಹೆಂಡತಿ ಗೌರವ್ವನ ಕೆಲಸ. ನಮ್ಮ ಸುತ್ತಿನ ಹಳ್ಳಿಗಳ ಶಾಲೆಗಳಲ್ಲಿ ಹೆಣ್ಣು ಮಾಸ್ತರರನ್ನು ಕಂಡವರಿಲ್ಲ. ಯಲ್ಲವ್ವನಿಗಾಗಿ ಟ್ರೇನಿಂಗ್ ಕಾಲೇಜಿನವರು ಒಂದು ಜಾಗ ಹಿಡಿದಿಟ್ಟಿದ್ದಾರೆ. ನವರಾತ್ರಿಯೊಳಗೆ ಪಾಸಾದ ಸರ್ಟಿಫಿಕೇಟು ತೋರಿಸಬೇಕು. ಶಿದ್ರಾಯನದು ಒಂದೇ ಮಾತು. "ಪಾಸಾದ್ರ ಸಾಲಿಗಿ ಹೋಗ್ಲಿ, ನಾ ಏನ ಬ್ಯಾಡ ಅನ್ನಾಂವಲ್ಲ. ನಾಪಾಸಾದ್ರ ಬಾಲಗಾಂವದಾಗ ವರ ನೋಡೀನಿ, ದೀಪಾವಳಿ ಮುಗದ ಮ್ಯಾಲ ಅಕ್ಕಿಕಾಳ ಹಾಕಿ ಕಳಸತೀನಿ. ಮುಂದಿನ ವರ್ಷ ಅಂತ ನನ್ನ ಮುಂದ ಯಾರೂ ಅನಬ್ಯಾಡ್ರಿ." ತಮ್ಮ ಕಚೇರಿಯಲ್ಲಿ ಸಿಕ್ಕಿಕೊಂಡಿರುವ ಒಂದು ಗುಣದ ಬೆಲೆ ಇಷ್ಟು.

ಇನ್ನು ಪ್ರಶ್ನೆಯ ಮಾತು. ತಮ್ಮ ಪೇಪರಿನಲ್ಲಿ "ಸಂದರ್ಭವನ್ನು ನೋಡಿ, ಕೊಟ್ಟ ಶಬ್ದಗಳಲ್ಲಿ ಯೋಗ್ಯವಾದುದನ್ನು ಆರಿಸಿ, ಬಿಟ್ಟ ಸ್ಥಳ ತುಂಬಿರಿ" ಎಂದಿತ್ತು. ವಾಕ್ಯ ಹೀಗಿತ್ತು: "ಬೆಳಿಗ್ಗೆ ಎದ್ದು ನೋಡಿದಾಗ ರೈತನ ಹೊಲದ ತುಂಬ ಪರರ ಕುರಿಗಳು ಕುಳಿತಿದ್ದವು. ಅದನ್ನು ಕಂಡು ಅವನಿಗೆ ....... ಆಯಿತು." ಆರಿಸಲು ಕೊಟ್ಟ ಶಬ್ದಗಳು ಕೋಪ, ಸಂತೋಷ, ಭಯ, ನಾಚಿಕೆ. ಕುರಿ ಕಂಡು ನಾಚುವ ರೈತ ಯಾವ ಸೀಮೆಯವನೋ ನಾನರಿಯೆ. ಯಲ್ಲವ್ವ ಸಂದರ್ಭವನ್ನು ನೋಡಿದಳು, ಸಂತೋಷ ಎಂದು ಬರೆದಳು. ತಮ್ಮವರು ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದರು.

ಸ್ವಾಮೀ, ಸಂದರ್ಭ ಎಂದರೆ ಏನು? ವಾಕ್ಯದಲ್ಲಿರುವ ಉಳಿದ ಮಾತುಗಳು ತಾನೆ? ಹಾಗಾದರೆ ತಮ್ಮ ವಾಕ್ಯವನ್ನೇ ನಡುವೆ ಇಟ್ಟುಕೊಂಡು ಕೂಡೋಣ. ಕುರಿಗಳು ಮೇಯುತ್ತಿದ್ದವು ಎಂದು ತಾವು ಬರೆದಿಲ್ಲ, ಕುಳಿತಿದ್ದವು ಎಂದು ಬರೆದಿದ್ದೀರಿ. ಬೆಳೆ ನಿಂತ ಹೊಲದಲ್ಲಿ ಕುರಿ ಕೂಡುತ್ತದೆಯೇ? ಕಣ್ಣೆದುರಿಗೆ ಎಳೆ ಜೋಳ ಇದ್ದಾಗ ಯಾವ ಕುರಿ ಕಾಲು ಮಡಚಿಕೊಂಡು ಕೂತು ಧ್ಯಾನ ಮಾಡುತ್ತದೆ? ಕೂತಿವೆ ಎಂದಮೇಲೆ ಹೊಲ ಖಾಲಿ ಇದೆ. ಬೆಳಿಗ್ಗೆ ಕೂತಿವೆ ಎಂದಮೇಲೆ ರಾತ್ರಿಯೆಲ್ಲ ಅಲ್ಲಿಯೇ ಇದ್ದವು. ಹೊಲದ ತುಂಬ ಕೂತಿವೆ ಎಂದಮೇಲೆ ಹೊಲದ ತುಂಬ ಹಿಕ್ಕಿ ಬಿದ್ದಿದೆ. ನಮ್ಮ ಒಣ ನೆಲಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರ ಇನ್ನಾವುದು? ಒಂದು ರಾತ್ರಿ ಹಿಂಡನ್ನು ಹೊಲದಲ್ಲಿ ಕೂಡ್ರಿಸಿಕೊಳ್ಳಲು ನಾವು ಕುರುಬರಿಗೆ ಜೋಳ ಅಳೆದು ಕೊಡುತ್ತೇವೆ, ಉಣ್ಣಲು ಕರೆಯುತ್ತೇವೆ, ಕೈ ಮುಗಿಯುತ್ತೇವೆ. ತಮ್ಮ ವಾಕ್ಯದ ರೈತ ಏನೂ ಕೊಟ್ಟಿಲ್ಲ, ಯಾರನ್ನೂ ಕರೆದಿಲ್ಲ. ಪರರ ಕುರಿಗಳು ತಾವಾಗಿಯೇ ಬಂದು ಅವನ ಹೊಲದಲ್ಲಿ ಬೆಳಗು ಮಾಡಿವೆ. ಅಂಥ ಪುಣ್ಯವಂತನಿಗೆ ಕೋಪ ಬಂತಂತೆ! ನನಗೆ ಒಮ್ಮೆ ಹಾಗಾಗಲಿ, ಗುಡ್ಡಾಪುರದ ದಾನಮ್ಮನಿಗೆ ಬರಿಗಾಲಲ್ಲಿ ನಡೆದು ಹೋಗಿ ಕಾಯಿ ಒಡೆಸಿ ಬರುತ್ತೇನೆ.

ಪ್ರಶ್ನೆ ತೆಗೆದವರು ಹೊಳೆಯ ದಂಡೆಯವರಿರಬೇಕೆಂದು ನನ್ನ ಊಹೆ. ಅಲ್ಲಿ ವರ್ಷವಿಡೀ ಕಬ್ಬೋ ಎಲೆಬಳ್ಳಿಯೋ ಹೊಲದಲ್ಲಿ ಇದ್ದೇ ಇರುತ್ತದೆ. ಕುರಿಯ ಕಿವಿ ಕಂಡರೂ ಬಡಿಗೆ ಎತ್ತುತ್ತಾರೆ. ಅದು ಅವರ ತಪ್ಪಲ್ಲ. ಆದರೆ ಅವರ ಬಡಿಗೆ ನಮ್ಮ ಹುಡುಗಿಯ ಬೆನ್ನಿಗೆ ಯಾಕೆ?

ಕೋಪ ಎಂದರೇನೆಂದು ನಮಗೆ ಗೊತ್ತಿಲ್ಲವೆಂದು ತಿಳಿಯಬೇಡಿ. ಕುರಿ ನನ್ನ ಹೊಲದಲ್ಲಿ ಕೂತರೆ ನನಗೆ ಕೋಪ ಬರುವುದಿಲ್ಲ. ಧೂಳಪ್ಪನ ಹೊಲದಲ್ಲಿ ಕೂತರೆ ಬರುತ್ತದೆ. ಧೂಳಪ್ಪ ನನ್ನ ಬದುವಿನ ಆಚೆಯ ಹೊಲದವನು. ಹಿಂದೊಂದು ವರ್ಷ, ನನಗೆ ಮಾತು ಕೊಟ್ಟು ಹಿಂಡು ಹೊಡೆದುಕೊಂಡು ಬರುತ್ತಿದ್ದ ಶಿದ್ರಾಯನನ್ನು ಈ ಮಹಾಶಯ ನಡುದಾರಿಯಲ್ಲಿ ಹಿಡಿದ. ತುಪ್ಪ ಸುರಿದು ಹೋಳಿಗೆ ಉಣ್ಣಿಸಿದ, ತಲೆಗೆ ಹೊಸ ರುಂಬಾಲು ಸುತ್ತಿಸಿದ, ಇಡೀ ಹಿಂಡನ್ನು ತನ್ನ ಹೊಲಕ್ಕೆ ತಿರುವಿಕೊಂಡ. ಮುಂಜಾನೆ ಬದುವಿನ ಮೇಲೆ ನಿಂತು ನೋಡುತ್ತೇನೆ, ಅವನ ಹೊಲದ ತುಂಬ ಕುರಿ!

"ಏನೋ ಶಿದ್ರಾಯ, ಇದ್ಯಾವ ನ್ಯಾಯೋ?" ಎಂದು ಕೂಗಿದೆ.

ಶಿದ್ರಾಯ ಹೊಸ ರುಂಬಾಲು ಸರಿಮಾಡಿಕೊಂಡು, "ಅಣ್ಣಾರ, ನಿಮ್ಮ ಹೊಲದಾಗಿನ ಕಲ್ಲ ನಮ್ಮ ಕುರಿಗೋಳಿಗಿ ಚುಚ್ಚತಾವಂತ್ರಿ. ಅವು ಒಲ್ಲೆ ಅಂದ್ರ ನಾ ಏನ ಮಾಡ್ಲಿ?" ಎಂದ.

ಕುರಿಗಳೇ ಬಂದು ಅವನ ಕಿವಿಯಲ್ಲಿ ಹೇಳಿದ್ದವೇನೋ! ಆ ವರ್ಷ ನಾನು ಧೂಳಪ್ಪನ ಮಗಳ ಮದುವೆಗೂ ಹೋಗಲಿಲ್ಲ. ಮರುವರ್ಷ ಗೌರವ್ವ ಮುಂಚಿತವಾಗಿಯೇ ಹೋಗಿ ಶಿದ್ರಾಯನ ಹೆಂಡತಿಗೆ ಉಡಿ ತುಂಬಿ ಬಂದಳು. ನಮ್ಮ ಹೊಲದ ಕಲ್ಲುಗಳೆಲ್ಲ ಮೆತ್ತಗಾದವು.

ನಮ್ಮ ಕಡೆಯ ಮಕ್ಕಳು ಈ ಜಗಳ ನೋಡುತ್ತಲೇ ಬೆಳೆದವರು. ಹಾಗಾಗಿ ನಮ್ಮ ಕೇಂದ್ರದಲ್ಲಿ ಆ ಪೇಪರು ಬರೆದ ಮಕ್ಕಳೆಲ್ಲರೂ ಸಂತೋಷ ಎಂದೇ ಬರೆದಿದ್ದರು. ಅದರ ಮೇಲೆ ತಮ್ಮ ಕಚೇರಿ ಬರೆದ ಶೆರಾ ಏನು? "ಸ್ವತಂತ್ರವಾಗಿ ವಿಚಾರ ಮಾಡಿದ ವಿದ್ಯಾರ್ಥಿಗಳೆಲ್ಲರೂ ಒಂದೇ ತಪ್ಪನ್ನು ಮಾಡುವುದು ಅಸಂಭವ. ನಕಲು ಮಾಡಿದ ಬಲವಾದ ಸಂಶಯವಿದೆ." ಎರಡೂ ಎರಡೂ ನಾಲ್ಕು ಎಂದು ಅದೇ ಮಕ್ಕಳೆಲ್ಲರೂ ಬರೆದಿದ್ದರಲ್ಲ, ಅಲ್ಲಿ ಯಾಕೆ ಸಂಶಯ ಬರಲಿಲ್ಲ? ಉಳಿದ ಮಕ್ಕಳಿಗೆ ಗುಣ ಸಾಕಷ್ಟಿದ್ದವು, ದಾಟಿಕೊಂಡರು. ತಾಯಿಯ ಬಾಣಂತನಕ್ಕೆಂದು ಹಿಂಡಿನ ಕಡೆಗೆ ಹೋಗಿ ವರ್ಷದ ಮೊದಲರ್ಧ ಶಾಲೆ ತಪ್ಪಿಸಿಕೊಂಡ ಯಲ್ಲವ್ವನಿಗೆ ಮಾತ್ರ ಆ ಒಂದು ಗುಣ ಅಡ್ಡ ನಿಂತಿತು.

ನಾನು ಬಸ್ಸು ಹತ್ತಿ ತಮ್ಮ ಕಚೇರಿಗೆ ಬಂದೆ. ತಾವು ಊರೂರು ತಿರುಗುವ ದೌರೆಯ ಮೇಲಿದ್ದಿರಿ. ತಮ್ಮ ಕೈಕೆಳಗಿನ ಸಾಹೇಬರಿದ್ದರು. ಬಹಳ ಶಾಂತ ಸ್ವಭಾವದವರು. ನನ್ನ ಮಾತೆಲ್ಲ ಕೇಳಿಕೊಂಡರು.

"ಸಾಹೇಬ್ರ, ಹೊಲದಾಗ ಕುರಿ ಕೂತ್ರ ನಮಗ ಭಾಳ ಸಂತೋಷ ಆಗ್ತದರಿ," ಎಂದೆ.

"ಅದಕ್ಕೆ ಪುರಾವೆ ಏನು?" ಎಂದರು.

"ನಾನ ಅದೀನಲ್ರಿ, ನಿಮ್ಮ ಮುಂದ ಕುಂತೀನಿ."

"ನೀವು ಅರ್ಜಿದಾರರು. ಅರ್ಜಿದಾರರ ಸಂತೋಷ ಪುರಾವೆಯಾಗುವುದಿಲ್ಲ. ಸ್ಥಳಕ್ಕೆ ಬಂದು ಪಂಚನಾಮೆ ಮಾಡಬೇಕಾಗುತ್ತದೆ."

"ಯಾತರ ಪಂಚನಾಮೆರಿ?"

"ಸಂತೋಷದ್ದು," ಎಂದು ಹೇಳಿ ಅವರು ಮಸಿಯ ದೌತಿಯಲ್ಲಿ ಟಾಕು ಅದ್ದಿದರು. ಚೇಷ್ಟೆ ಇರಬಹುದೆಂದು ನಾನು ನಕ್ಕೆ. ಅವರು ನಗಲಿಲ್ಲ.

ಶ್ರಾವಣದಲ್ಲಿ ಜೀಪು ಬಂತು. ಸಾಹೇಬರು, ಅವರ ಕಾರಕೂನರು, ಹೊಲ ನನ್ನದೇ ಎಂದು ಹೇಳಲು ತಲಾಟಿ, ಸಂತೋಷ ಕೈಮೀರಿದರೆ ಬಂದೋಬಸ್ತಿಗೆಂದು ಒಬ್ಬ ಪೋಲೀಸ. ಊರೆಲ್ಲ ಬದುವಿನ ಮೇಲೆ ನೆರೆಯಿತು. ನೆರೆಹೊರೆಯ ಹೊಲದವನೇ ಪಂಚನಾಗಬೇಕೆಂದು ಕಾಯಿದೆಯಂತೆ; ಪಂಚ ಯಾರಂತೀರಿ? ಧೂಳಪ್ಪ! ಹೆಬ್ಬೆರಳಿಗೆ ಮೊದಲೇ ಮಸಿ ಹಚ್ಚಿಕೊಂಡು ಬಂದು ನಿಂತಿದ್ದ.

ಸಾಹೇಬರು ವಾಕ್ಯವನ್ನು ಎಲ್ಲರಿಗೂ ಕೇಳುವಂತೆ ಓದಿ, ಎಲ್ಲವೂ ವಾಕ್ಯದಲ್ಲಿದ್ದಂತೆಯೇ ಆಗತಕ್ಕದ್ದು ಎಂದು ಅಪ್ಪಣೆ ಮಾಡಿದರು. ವಾಕ್ಯದಲ್ಲಿ ರೈತ ಬೆಳಿಗ್ಗೆ ಏಳುತ್ತಾನೆ. ಆಗ ನೆತ್ತಿಯ ಮೇಲೆ ಸೂರ್ಯನಿದ್ದ. ನನ್ನದೇ ಹೊಲದಲ್ಲಿ ಹೊರಸು ಹಾಕಿಸಿ ನನ್ನನ್ನು ಅದರ ಮೇಲೆ ಮಲಗಿಸಿದರು.

"ಊಟಾ ಮಾಡಿ ಬಂದೀನ್ರಿ ಸಾಹೇಬ್ರ, ಈಗ ಹ್ಯಾಂಗ ಬೆಳಗ ಆಗ್ತದರಿ?"

"ನೀವು ಕಣ್ಣು ಮುಚ್ಚಿರಿ. ಪೋಲೀಸನು ಸೀಟಿ ಊದಿದಾಗ ಬೆಳಿಗ್ಗೆಯಾಗುತ್ತದೆ."

ಆಮೇಲೆ ಪರರ ಪ್ರಶ್ನೆ ಬಂತು. ಕುರಿಗಳು ಪರರವಾಗಿರಬೇಕು. ಸಾಹೇಬರು ಶಿದ್ರಾಯನನ್ನು ಕರೆದು, "ನೀನು ಈ ರೈತನಿಗೆ ಪರನೋ?" ಎಂದು ಕೇಳಿದರು. ಶಿದ್ರಾಯನಿಗೆ ಮೂಗಿನ ತುದಿಯಲ್ಲೇ ಸಿಟ್ಟು.

"ಇವರ ಮನಿ ರೊಟ್ಟಿ ತಿಂದ ದೊಡ್ಡಾಂವ ಆಗೀನ್ರಿ, ನನ್ನ ಮಗಳ ಇವರ ಮನ್ಯಾಗ ಅದಾಳ. ನಾ ಹ್ಯಾಂಗ ಪರಕಿ ಆಗ್ತೀನ್ರಿ? ಹಂಗ ಅಂದ್ರ ನಾ ಹಿಂಡ ಹೊಡಕೊಂಡ ಹೊಂಟೆ!"

ಅವನ ಕಾಲಿಗೊಂದು ಬೀಳುವುದು ಬಾಕಿ. ಮಗಳ ಗುಣಕ್ಕಾಗಿ ಅರ್ಧ ತಾಸು ಮಾತ್ರ ಪರನಾಗು ಮಾರಾಯ ಎಂದು ಎಲ್ಲರೂ ಬೇಡಿಕೊಂಡ ಮೇಲೆ, ನನ್ನ ಕಡೆಗೆ ಬೆನ್ನು ತಿರುಗಿಸಿ ನಿಂತು ಪರನಾದ. ಕಾರಕೂನರು ಅದನ್ನು ಬರೆದುಕೊಂಡರು.

ಇನ್ನು ಕುರಿಗಳು ಕೂಡಬೇಕು. ಕುರಿ ಹಗಲು ಹೊತ್ತಿನಲ್ಲಿ ಮೇಯುತ್ತದೆ. ಬಿಸಿಲಾದರೆ ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತುರುಕಿಕೊಂಡು 'ಯಾರ ಬರ್ರಿ, ಯಾರ ಹೋಗ್ರಿ' ಎಂದು ನಿಲ್ಲುತ್ತದೆ. ಕೂಡುವುದು ರಾತ್ರಿ. ಇದನ್ನು ಶಿದ್ರಾಯ ಹೇಳಲಿಲ್ಲ, ಪರನಾಗಿದ್ದನಲ್ಲ. ಸಾಹೇಬರು "ಕೂಡ್ರಿಸಿರಿ" ಎಂದರು. ಪೋಲೀಸ ಒಂದು ಕುರಿಯ ಬೆನ್ನ ಮೇಲೆ ಎರಡೂ ಕೈ ಊರಿ ಅದುಮಿದ. ಅದು ಕೂತಿತು, ಅವನು ಇನ್ನೊಂದರ ಕಡೆ ಹೊರಳುವಷ್ಟರಲ್ಲಿ ಎದ್ದಿತು. ತಲಾಟಿ ಬಂದು ಕೈಹಚ್ಚಿದ. ಜೀಪಿನ ಡ್ರೈವರನೂ ಕೈಹಚ್ಚಿದ. ಸರಕಾರವೆಲ್ಲ ಬೆವರು ಸುರಿಸಿ ಅದುಮಿದರೂ ನಮ್ಮ ತಾಲೂಕಿನ ಕುರಿಗಳು ಕೂಡಲಿಲ್ಲ. ಕೊನೆಗೆ ಸಾಹೇಬರು "ಇರಲಿ, ಕುಳಿತಿವೆಯೆಂದು ಗೃಹೀತ ಹಿಡಿಯಿರಿ" ಎಂದು ಸೀಟಿಗೆ ಸನ್ನೆ ಮಾಡಿದರು.

ಸೀಟಿ ಕೇಳಿ ನಾನು ಕಣ್ಣು ತೆರೆದೆ. ತಲೆದೆಸೆಗೆ ಪೋಲೀಸ. ಕಾಲದೆಸೆಗೆ ತಲಾಟಿ, ಕೈಯಲ್ಲಿ ನನ್ನ ಹೊಲದ ಉತಾರದ ಕಾಗದ. ಪಕ್ಕದಲ್ಲಿ ಬಗ್ಗಿ ನನ್ನ ಮೋರೆಯನ್ನೇ ನೋಡುತ್ತಿರುವ ಸಾಹೇಬರು. ಇವರೆಲ್ಲರ ಆಚೆಯಿಂದ, ಸೀಟಿಗೆ ಬೆದರಿದ ಇಡೀ ಹಿಂಡು ಟಗರನ್ನು ಮುಂದೆ ಮಾಡಿಕೊಂಡು ನನ್ನ ಹೊರಸಿನ ಮೇಲೆಯೇ ನುಗ್ಗಿ ಬರುತ್ತಿತ್ತು.

"ಯಪ್ಪಾ, ಸತ್ತೆ!" ಎಂದೆ. ಯಾರಾದರೂ ಅದನ್ನೇ ಅನ್ನುತ್ತಿದ್ದರು.

"ಭಯ," ಎಂದು ಸಾಹೇಬರು ಬರೆದುಕೊಂಡರು.

"ಖರೇ ಐತ್ರಿ," ಎಂದ ಧೂಳಪ್ಪ. "ಭಾಳ ಅಂಜ್ಯಾನ್ರಿ. ಮಾರಿ ನೋಡ್ರಿ, ಸುಣ್ಣ ಬಳದಂಗ ಆಗೇತಿ." ಹೆಬ್ಬೆಟ್ಟು ಒತ್ತಿಯೇ ಬಿಟ್ಟ.

ನಾನು ಹೊರಸಿನಿಂದ ಜಿಗಿದು, "ಸಾಹೇಬ್ರ, ನಾ ಅಂಜಿದ್ದ ಕುರಿಗಿ ಅಲ್ರಿ, ನಿಮಗ್ರಿ! ಹೊಲದಾಗ ಕಾಗದ ಹಿಡಕೊಂಡ ಸರಕಾರದವ್ರ ನಿಂತ್ರ ಯಾ ರೈತ ನಗತಾನ್ರಿ?" ಎಂದು ಬಡಕೊಂಡೆ.

ಸಾಹೇಬರು ಕಾಗದ ಮಡಚುತ್ತ, "ವಾಕ್ಯದಲ್ಲಿ ನಾವು ಇಲ್ಲ," ಎಂದರು.

ಆ ಮಾತನ್ನು ನಾನು ಈಗಲೂ ಮೆಲುಕು ಹಾಕುತ್ತಿದ್ದೇನೆ. ಪ್ರಶ್ನೆ ನಿಮ್ಮದು, ಪೇಪರು ನಿಮ್ಮದು, ಕೆಂಪು ಶಾಯಿ ನಿಮ್ಮದು, ಸೀಟಿ ನಿಮ್ಮದು, ವಾಕ್ಯದಲ್ಲಿ ಮಾತ್ರ ನೀವಿಲ್ಲ. ಮನೆಗೆ ಬಂದರೆ ಗೌರವ್ವ ಬೇರೆ, "ನಡು ಹಗಲಾಗ ಊರ ಮಂದಿ ಮುಂದ ಹೊರಸ ಮ್ಯಾಲ ಮದಲಿಂಗನಂಗ ಮಕ್ಕೊಂಡಿದ್ರಿ, ನನಗ ನಾಚಿಕಿ ಬಂತ್ರಿ," ಎಂದಳು. ತಮ್ಮ ನಾಲ್ಕನೆಯ ಶಬ್ದಕ್ಕೂ ಅಂತೂ ಒಬ್ಬ ಗಿರಾಕಿ ಸಿಕ್ಕಳು.

ತರುವಾಯ ಹುಕುಮು ಬಂತು. ಅದರಲ್ಲಿದ್ದುದನ್ನು ಹಾಗೆಯೇ ಬರೆಯುತ್ತೇನೆ: "ಸ್ಥಳ ತಪಾಸಣೆಯಲ್ಲಿ ರೈತನಿಗೆ ಭಯವಾದದ್ದು ಸಿದ್ಧವಾಗಿದೆ. ಆದ್ದರಿಂದ ವಿದ್ಯಾರ್ಥಿನಿಯ ಉತ್ತರ ತಪ್ಪು. ಕಚೇರಿಯ ಉತ್ತರವೂ ತಪ್ಪಾಗಿರುವ ಸಂಭವವಿದೆ. ಆದರೆ ಅದು ಛಾಪಿಸಿ ಆಗಿರುವುದರಿಂದ ಕಾಯಂ ಮಾಡಲಾಗಿದೆ." ಇದರ ಒಂದು ಪ್ರತಿ ಎಲ್ಲಿಗೆ ಹೋಯಿತೋ, ಯಾರು ಓದಿದರೋ, ನಮ್ಮ ಚಾವಡಿಯ ಗೋಡೆಗೆ ಒಂದು ನೋಟೀಸು ಅಂಟಿತು: ಕುರಿಗಳಿಂದ ರೈತರಿಗೆ ಭಯ ಉಂಟಾಗುವುದೆಂದು ತಿಳಿದುಬಂದಿರುವುದರಿಂದ ಇನ್ನು ಮುಂದೆ ಯಾರೂ ಹೊಲಗಳಲ್ಲಿ ಹಿಂಡು ಕೂಡ್ರಿಸಕೂಡದು. ಶಿದ್ರಾಯ ಹಿಂಡನ್ನು ಊರ ಹೊರಗಿನ ಬೀಳು ನೆಲದಲ್ಲಿ ಕೂಡ್ರಿಸುತ್ತಿದ್ದಾನೆ. ಅಲ್ಲಿಯ ಕಲ್ಲುಗಳಿಗೆ ಈ ವರ್ಷ ಬಹಳ ಒಳ್ಳೆಯ ಗೊಬ್ಬರ. ಧೂಳಪ್ಪ ಅಳುಮೋರೆ ಮಾಡಿಕೊಂಡು ನನ್ನ ಕಟ್ಟೆಗೆ ಬಂದು, "ಮುರಗೆಪ್ಪಾ, ನಾ ನಿನ್ನ ಮಾರಿ ನೋಡಿ ಹೆಬ್ಬಟ್ಟ ಒತ್ತಿದ್ನೆಪಾ. ಅದು ನನ್ನ ಹೊಲಕ್ಕ ಯಾಕ ಬಂತು?" ಎಂದು ಕೇಳಿದ. ಇಬ್ಬರೂ ಕೂಡಿ ಚಹಾ ಕುಡಿದು ತಮ್ಮನ್ನು ನೆನೆಸಿಕೊಂಡೆವು.

ಹೊಲ ಹೋಗಲಿ, ಒಂದು ವರ್ಷ ಕಡಿಮೆ ಬೆಳೆದೀತು. ಹುಡುಗಿಯ ಮಾತು ಹಾಗಲ್ಲ. ಹುಕುಮು ಹಿಡಿದುಕೊಂಡು ನಾನು ಮತ್ತೆ ತಮ್ಮ ಕಚೇರಿಗೆ ಬಂದಾಗ ಕಾರಕೂನರು ನನ್ನನ್ನು ಬಾಗಿಲ ಹೊರಗೆ ಕರೆದುಕೊಂಡು ಹೋದರು. ಒಳ್ಳೆಯ ಮನುಷ್ಯರು, ಅವರ ಮೇಲೆ ಸಿಟ್ಟಾಗಬೇಡಿ. "ಹುಡುಗಿ ಕಡಿಂದ ಎರಡ ಓಳಿ ಬರಸ್ಕೊಂಡ ಬರ್ರಿ. ಕುರಿ ಕಂಡ ರೈತಗ ಸಿಟ್ಟ ಬರತೈತಿ, ನಾ ತಿಳೀಲಾರದ ತಪ್ಪ ಬರದೀನಿ ಅಂತ. ಸಾಹೇಬರಿಗಿ ಹೇಳಿ ಒಂದ ಕೃಪಾ ಗುಣ ಕೊಡಸ್ತೀನಿ," ಎಂದರು. ಇಷ್ಟು ಸುಲಭವಿತ್ತೇ ಎಂದು ನಾನು ಬಸ್ಸಿನ ತುಂಬ ಒಬ್ಬನೇ ನಗುತ್ತ ಊರಿಗೆ ಬಂದೆ.

ಯಲ್ಲವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಾಗದ, ದೌತಿ ಮುಂದಿಟ್ಟು ಸಂಗತಿ ಹೇಳಿದೆ.

"ಕಾಕಾ, ಇಷ್ಟ ಬರದ್ರ ಪಾಸೇನ್ರಿ?" ಎಂದಳು.

"ಪಾಸವ್ವಾ."

"ಬರೀಲಿಲ್ಲಂದ್ರ ಬಾಲಗಾಂವ."

ನಾನು ಕಾಗದವನ್ನು ಅವಳ ಕಡೆಗೆ ಸರಿಸಿದೆ. ಅವಳು ಟಾಕು ಹಿಡಿದಳು, ಅದ್ದಿದಳು, ಕೆಳಗಿಟ್ಟಳು.

"ಬರದ ಮಾಸ್ತರಬಾಯಿ ಆದೆ ಅಂತ ತಿಳೀರಿ. ನಾ ಕಲಸೂ ಮುಂದ ನಮ್ಮಪ್ಪನ ಹಿಂಡ ಸಾಲಿ ಮುಂದ ಹಾದ ಹೊಕ್ಕೈತಿ. ಹುಡುಗ್ರು ಕಿಡಕ್ಯಾಗಿಂದ ನೋಡತಾವ. ಕಣ್ಣೀಲೆ ನೋಡಿದ್ದ ಬರೀಬ್ಯಾಡ್ರಿ, ಸಾಹೇಬರಿಗಿ ಬೇಕಾದ್ದ ಬರೀರಿ ಅಂತ ನಾ ಅವಕ್ಕ ಹ್ಯಾಂಗ ಹೇಳ್ಲಿ, ಕಾಕಾ?" ಎಂದು ಕೇಳಿ, ಮೊರದ ಮೇಲೆ ಬಗ್ಗಿ ಗಳಗಳ ಅತ್ತಳು.

ಬರೆದುಬಿಡು ಮಗಳೇ, ಸುಳ್ಳಾದರೆ ಸುಳ್ಳು, ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಗ ನನಗೆ ಏನಾಯಿತೆಂದು ತಮಗೆ ಹೇಗೆ ತಿಳಿಸಲಿ? ಅದಕ್ಕೂ ಪಂಚರನ್ನು ಕರೆಸಬೇಕಾದೀತು. ಕಾಗದ ಖಾಲಿಯಾಗಿಯೇ ಉಳಿಯಿತು. ಹುಡುಗಿಗೆ ಪಾಸಾಗುವ ಆಸೆ ಇಲ್ಲವೆಂದು ಮಾತ್ರ ಬಗೆಯಬೇಡಿ; ಟ್ರೇನಿಂಗಿಗೆ ಒಯ್ಯಲೆಂದು ಅವಳು ಕಸೂತಿ ಹಾಕಿದ ಚೀಲ ಮುಗಿಯುತ್ತ ಬಂದಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಕೃಪೆಯ ಗುಣ ನಮಗೆ ಬೇಡ. ಅವಳದೇ ಆದ ಗುಣವನ್ನು, ಅವಳು ಬರೆದ ಉತ್ತರಕ್ಕೇ, ನವರಾತ್ರಿಯೊಳಗೆ ಕೊಡಿ. ನಂಬಿಕೆ ಸಾಲದಿದ್ದರೆ ತಾವೇ ಒಂದು ಸಂಜೆ ಬನ್ನಿ. ಜೀಪು, ತಲಾಟಿ, ಪೋಲೀಸ ಯಾರೂ ಬೇಡ. ಕೋಟು ತೆಗೆದಿಟ್ಟು ಬನ್ನಿ. ನಮ್ಮ ಮನೆಯಲ್ಲಿ ಉಂಡು ಮಲಗಿರಿ. ನೋಟೀಸಿನ ವಿರುದ್ಧ ಹೊಲದಲ್ಲಿ ಒಂದು ರಾತ್ರಿ ಹಿಂಡು ಕೂಡ್ರಿಸಿದ ಅಪರಾಧವನ್ನು ನಾನು ಹೊರುತ್ತೇನೆ. ಮುಂಜಾನೆ ನನ್ನ ಮೋರೆಯನ್ನು ಬದುವಿನ ಮರೆಯಿಂದ ನೋಡಿ, ಕಂಡ ಶಬ್ದವನ್ನು ಬರೆದುಕೊಂಡು ಹೋಗಿ. ದಂಡ ಹಾಕುವುದಿದ್ದರೆ ಆಮೇಲೆ ಹಾಕಿ.

ಮೊನ್ನೆ ಶಿದ್ರಾಯ ಬಂದು, ಬಾಲಗಾಂವದ ವರನ ಕಡೆಯವರು ಕೊಟ್ಟ ಹಸಿರು ಸೀರೆಯನ್ನು ನಮ್ಮ ಮನೆಯಲ್ಲಿಟ್ಟು ಹೋದ. ಟ್ರೇನಿಂಗಿನ ಹೆಣ್ಣುಮಕ್ಕಳು ಬಿಳಿಯದನ್ನು ಉಡಬೇಕಂತೆ. ಗೌರವ್ವ ಯಾರನ್ನೂ ಕೇಳದೆ ಸಂತೆಯಿಂದ ಒಂದು ಬಿಳಿ ಸೀರೆ ತಂದಿದ್ದಾಳೆ. ಎರಡೂ ಪಡಸಾಲೆಯ ಒಂದೇ ಗೂಟಕ್ಕೆ ತೂಗುತ್ತಿವೆ. ಯಲ್ಲವ್ವ ಎರಡನ್ನೂ ಮುಟ್ಟುವುದಿಲ್ಲ, ಅವುಗಳ ಕೆಳಗೆ ಕೂತು ಓದುತ್ತಾಳೆ. ಹುಡುಗಿಗೆ ಯಾವ ಸೀರೆ ಉಡಿಸಿ ಕಳಿಸಬೇಕೆಂಬುದನ್ನು ಲಗೂನ ಬರೆದು ತಿಳಿಸಿ.

ಇಂತಿ,
ಕುರಿಗೆ ಅಂಜದೆ ಕಚೇರಿಗೆ ಅಂಜಿ ಕೆಟ್ಟ
ಮುರಗೆಪ್ಪ
ಮುಚ್ಚಂಡಿ, ತಾಲೂಕು ಜತ್ತ